ಪಾಲುದಾರರು ಹೊರಟ ಮೇಲೂ ನಡೆಯುವ ಆರೋಗ್ಯ ಸಂಸ್ಥೆಗಳು

ಪ್ರಶ್ನೆ: ಶ್ರೀಮಂತ ದೇಶಗಳ ನೆರವಿನಿಂದ ಬಡ ದೇಶಗಳಲ್ಲಿ ಕಟ್ಟಿದ ಸಾರ್ವಜನಿಕ ಆರೋಗ್ಯ ಸಂಸ್ಥೆಗಳು ಹಣ ನಿಂತೊಡನೆ ಸೊರಗುತ್ತವೆ ಎಂದು ಕೇಳಿದ್ದೇನೆ. ಇಂಥ ಪಾಲುದಾರಿಕೆಯಿಂದ ಉಳಿಯುವಂಥದ್ದು ಏನಾದರೂ ಇದೆಯೇ? ಒಳ್ಳೆಯ ಪಾಲುದಾರಿಕೆಯನ್ನು ಗುರುತಿಸುವುದು ಹೇಗೆ?

ಉತ್ತರ: ಸೊರಗುವುದು ನಿಜ. 2025ರ ಆರಂಭದಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ದಿಢೀರನೆ ತಡೆಹಿಡಿದಾಗ ಹಲವು ದೇಶಗಳಲ್ಲಿ ಕೆಲಸಗಳು ಅರ್ಧಕ್ಕೇ ನಿಂತುದನ್ನು ಎಲ್ಲರೂ ಕಂಡಿದ್ದೇವೆ. ಆದರೆ ಎಲ್ಲ ಸಂಸ್ಥೆಗಳೂ ಸೊರಗುವುದಿಲ್ಲ. ಉಳಿದವು ಏಕೆ ಉಳಿದವು ಎಂದು ನೋಡಿದರೆ ನಿಮ್ಮ ಕೊನೆಯ ಪ್ರಶ್ನೆಗೂ ಉತ್ತರ ಅಲ್ಲಿಯೇ ಸಿಗುತ್ತದೆ.

ಸಾರ್ವಜನಿಕ ಆರೋಗ್ಯ ಸಂಸ್ಥೆ ಎಂದರೆ ಆಸ್ಪತ್ರೆಯಲ್ಲ. ಯಾವ ಊರಿನಲ್ಲಿ ಯಾವ ರೋಗ ಕಾಣಿಸಿಕೊಂಡಿದೆ ಎಂದು ಗಮನಿಸುವುದು, ಮಾದರಿಯನ್ನು ಪರೀಕ್ಷಿಸಿ ರೋಗಾಣು ಯಾವುದೆಂದು ಹೇಳುವುದು, ರೋಗಿಯ ಸಂಪರ್ಕಕ್ಕೆ ಬಂದವರನ್ನು ಹುಡುಕುವುದು, ಮುಂದೇನು ಮಾಡಬೇಕೆಂದು ಸರ್ಕಾರಕ್ಕೆ ತಿಳಿಸುವುದು ಇದರ ಕೆಲಸ. ಈ ಕೆಲಸ ಸರಿಯಾಗಿ ನಡೆಯುತ್ತಿರುವಾಗ ಯಾರ ಕಣ್ಣಿಗೂ ಬೀಳುವುದಿಲ್ಲವಾದ್ದರಿಂದಲೇ ಬಜೆಟ್‌ನಲ್ಲಿ ಇದಕ್ಕೆ ಪಾಲು ಸಿಗುವುದು ಕಷ್ಟ.

ಎಬೋಲಾದ ಎರಡು ಸಂದರ್ಭಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡೋಣ. ಗಿನಿ ದೇಶದಲ್ಲಿ 2013ರ ಡಿಸೆಂಬರ್‌ನಲ್ಲಿಯೇ ಆರಂಭವಾಗಿದ್ದ ಸೋಂಕು ಎಬೋಲಾ ಎಂದು ಖಚಿತವಾದದ್ದು 2014ರ ಮಾರ್ಚ್‌ನಲ್ಲಿ, ಅದೂ ಮಾದರಿಗಳು ಯುರೋಪಿನ ಪ್ರಯೋಗಾಲಯಗಳನ್ನು ತಲುಪಿದ ಮೇಲೆ. ಆ ಮೂರು ತಿಂಗಳಲ್ಲಿ ರೋಗ ಗಡಿಗಳತ್ತ ಹರಡಿತ್ತು. ಅದು ತಣ್ಣಗಾಗುವ ಹೊತ್ತಿಗೆ ಪಶ್ಚಿಮ ಆಫ್ರಿಕಾದಲ್ಲಿ 28,000ಕ್ಕೂ ಹೆಚ್ಚು ಜನರಿಗೆ ಸೋಂಕು ತಗುಲಿ, 11,000ಕ್ಕೂ ಹೆಚ್ಚು ಮಂದಿ ತೀರಿಕೊಂಡಿದ್ದರು. ಅದೇ 2014ರ ಜುಲೈ 20ರಂದು ಸೋಂಕಿತ ಪ್ರಯಾಣಿಕರೊಬ್ಬರು ವಿಮಾನದಲ್ಲಿ ನೈಜೀರಿಯಾದ ಲಾಗೋಸ್‌ಗೆ ಬಂದಿಳಿದರು. ಕೋಟಿಗೂ ಹೆಚ್ಚು ಜನರಿರುವ ಆ ನಗರದಲ್ಲಿ ಏನಾಗಬಹುದೆಂದು ಜಗತ್ತೇ ಹೆದರಿತ್ತು. ಆದರೆ ಒಟ್ಟು 20 ಪ್ರಕರಣ, 8 ಸಾವುಗಳಿಗೆ ಅದು ನಿಂತಿತು, ಮತ್ತು ಅಕ್ಟೋಬರ್ 20ರಂದು ವಿಶ್ವ ಆರೋಗ್ಯ ಸಂಸ್ಥೆ ನೈಜೀರಿಯಾವನ್ನು ಎಬೋಲಾಮುಕ್ತವೆಂದು ಘೋಷಿಸಿತು.

ಇದು ಬರಿಯ ಅದೃಷ್ಟವಲ್ಲ. ನೈಜೀರಿಯಾದಲ್ಲಿ ಪೋಲಿಯೊ ನಿರ್ಮೂಲನೆಗಾಗಿ ಅಂತರರಾಷ್ಟ್ರೀಯ ಪಾಲುದಾರರ ನೆರವಿನಿಂದ ತುರ್ತು ಕಾರ್ಯಾಚರಣೆ ಕೇಂದ್ರವೊಂದು ನಡೆಯುತ್ತಿತ್ತು. ಅಲ್ಲಿ ಪಳಗಿದವರನ್ನೇ ಎಬೋಲಾ ಕೆಲಸಕ್ಕೆ ಹಚ್ಚಲಾಯಿತು. ಲಾಗೋಸ್‌ನ ವಿಶ್ವವಿದ್ಯಾಲಯದ ಬೋಧನಾ ಆಸ್ಪತ್ರೆಯ ಪ್ರಯೋಗಾಲಯಕ್ಕೆ ಸ್ಥಳದಲ್ಲಿಯೇ ರೋಗವನ್ನು ಪತ್ತೆ ಮಾಡುವ ಶಕ್ತಿಯಿತ್ತು. ಸುಮಾರು 900 ಸಂಪರ್ಕಿತರನ್ನು ಗುರುತಿಸಿ, ಅವರ ಮೇಲೆ ನಿಗಾ ಇಡಲು 18,000ಕ್ಕೂ ಹೆಚ್ಚು ಬಾರಿ ಮನೆ ಬಾಗಿಲಿಗೆ ಹೋಗಿ ಬಂದರು. ಒಂದು ರೋಗಕ್ಕೆಂದು ಬಂದ ನೆರವು ಇನ್ನೊಂದು ರೋಗದ ವೇಳೆ ಕೈಹಿಡಿದದ್ದು ಏಕೆಂದರೆ, ಅದು ಬರಿಯ ಲಸಿಕೆಯ ಡಬ್ಬಿಗಳಾಗಿ ಉಳಿಯದೆ, ಕೆಲಸ ಬಲ್ಲ ಮಂದಿಯಾಗಿ ಆ ದೇಶದಲ್ಲಿ ಬೇರೂರಿತ್ತು. ಗಿನಿಯೂ ಈ ಪಾಠವನ್ನು ಮರೆಯಲಿಲ್ಲ. 2021ರಲ್ಲಿ ಎಬೋಲಾ ಅಲ್ಲಿ ಮತ್ತೆ ಕಾಣಿಸಿಕೊಂಡಾಗ ದೇಶದೊಳಗಿನ ಪ್ರಯೋಗಾಲಯಗಳೇ ಅದನ್ನು ಪತ್ತೆ ಮಾಡಿದವು, ಮತ್ತು ಫೆಬ್ರವರಿಯಲ್ಲಿ ಘೋಷಣೆಯಾದ ಸೋಂಕು ಜೂನ್‌ನಲ್ಲಿ 23 ಪ್ರಕರಣಗಳಿಗೆ ಮುಗಿಯಿತು.

ಹಾಗಾಗಿ ಒಪ್ಪಂದವೊಂದನ್ನು ನೋಡುವಾಗ ಕಟ್ಟಡದ ಚಿತ್ರಕ್ಕಿಂತ ಮೊದಲು ಸಂಬಳದ ಪಟ್ಟಿಯನ್ನು ನೋಡಬೇಕೆನ್ನುತ್ತೇನೆ. ಅಲ್ಲಿನ ಸಿಬ್ಬಂದಿ ಸರ್ಕಾರದ ಕಾಯಂ ನೌಕರರೇ, ಅಥವಾ ಯೋಜನೆಯ ಹಣದಿಂದ ಮೂರು ವರ್ಷಕ್ಕೆಂದು ನೇಮಕವಾದವರೇ? ಯೋಜನೆಗಳು ಕೊಡುವ ಹೆಚ್ಚಿನ ಸಂಬಳಕ್ಕಾಗಿ ಆರೋಗ್ಯ ಇಲಾಖೆಯ ಅನುಭವಿಗಳು ಕೆಲಸ ಬಿಟ್ಟು ಬರುವುದು, ಯೋಜನೆ ಮುಗಿದಾಗ ಇಲಾಖೆಯಲ್ಲೂ ಇಲ್ಲದೆ ಯೋಜನೆಯಲ್ಲೂ ಇಲ್ಲದೆ ದೇಶವನ್ನೇ ಬಿಟ್ಟುಹೋಗುವುದು ನಾನು ಮತ್ತೆಮತ್ತೆ ಕಂಡಿರುವ ನಷ್ಟ. ಇದನ್ನು ನೆರವು ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಎರಡನೆಯದಾಗಿ ನೋಡಬೇಕಾದದ್ದು ದಿನನಿತ್ಯದ ಖರ್ಚು. ಹಿಂದೊಮ್ಮೆ ಜಿಲ್ಲಾ ಮಟ್ಟದ ಪ್ರಯೋಗಾಲಯವೊಂದರ ಮೂಲೆಯಲ್ಲಿ, ರೋಗಾಣುವಿನ ವಂಶವಾಹಿಯನ್ನು ಪತ್ತೆ ಮಾಡುವ ಪಿಸಿಆರ್ ಯಂತ್ರವನ್ನು ಬಟ್ಟೆ ಹೊದಿಸಿಟ್ಟಿದ್ದುದನ್ನು ನೋಡಿದೆ. ಯಂತ್ರ ಕೆಟ್ಟಿರಲಿಲ್ಲ. ಅದಕ್ಕೆ ತಯಾರಕರ ರಾಸಾಯನಿಕಗಳನ್ನೇ ಬಳಸಬೇಕಿತ್ತು, ಯೋಜನೆ ಮುಗಿದ ಮೇಲೆ ಅವನ್ನು ಕೊಳ್ಳಲು ಇಲಾಖೆಯಲ್ಲಿ ಲೆಕ್ಕ ಶೀರ್ಷಿಕೆಯೇ ಇರಲಿಲ್ಲ. ಪಕ್ಕದ ಫ್ರಿಜ್‌ನಲ್ಲಿ ಅವಧಿ ಮೀರಿದ ಕಿಟ್‌ಗಳಿದ್ದವು. ಫ್ರಿಜ್‌ನ ಬಾಗಿಲಿಗೆ ಅಂಟಿಸಿದ್ದ ತಾಪಮಾನದ ಹಾಳೆಯಲ್ಲಿ ಮಾತ್ರ ಆ ದಿನ ಬೆಳಗಿನವರೆಗೂ ಅಂಕಿಗಳು ತಪ್ಪದೆ ತುಂಬಿದ್ದವು. ಅಲ್ಲಿನ ತಂತ್ರಜ್ಞೆ ದಿನಕ್ಕೆರಡು ಬಾರಿ ಬರೆಯುವುದನ್ನು ನಿಲ್ಲಿಸಿರಲಿಲ್ಲ. ಅಂಥವರೊಬ್ಬರು ಸಿಕ್ಕಿದ ಮೇಲೂ ಆ ಪ್ರಯೋಗಾಲಯ ನಿಂತುಹೋಯಿತಲ್ಲ ಎಂಬ ಸಂಕಟ ನನಗೆ ಇಂದಿಗೂ ಇದೆ. ಮೊದಲ ವರ್ಷ ಪೂರ್ತಿ ಪಾಲುದಾರರು ಭರಿಸಿ, ವರ್ಷವರ್ಷಕ್ಕೂ ಸರ್ಕಾರದ ಪಾಲು ಏರುತ್ತಾ ಹೋಗುವಂತೆ ಒಪ್ಪಂದದಲ್ಲಿಯೇ ಬರೆದಿದ್ದರೆ ಆ ಯಂತ್ರ ಇವತ್ತಿಗೂ ಓಡುತ್ತಿರುತ್ತಿತ್ತು. ಹೊಣೆ ದಾನಿಗಳದ್ದು ಮಾತ್ರ ಎನ್ನುವಂತಿಲ್ಲ. ಬಜೆಟ್‌ನ ಶೇ 15ರಷ್ಟನ್ನು ಆರೋಗ್ಯಕ್ಕೆ ಮೀಸಲಿಡುವುದಾಗಿ ಆಫ್ರಿಕಾದ ಸರ್ಕಾರಗಳು 2001ರಲ್ಲಿ ಅಬುಜಾದಲ್ಲಿ ಮಾತು ಕೊಟ್ಟವು. ಹೆಚ್ಚಿನವು ಇನ್ನೂ ಆ ಮಟ್ಟವನ್ನು ಮುಟ್ಟಿಲ್ಲ.

ಇದರ ಜೊತೆಗೆ ಕಾನೂನಿನ ಬೆಂಬಲವೂ ಬೇಕು. ನೈಜೀರಿಯಾದ ರೋಗ ನಿಯಂತ್ರಣ ಕೇಂದ್ರ 2011ರಿಂದ ಕೆಲಸ ಮಾಡುತ್ತಿದ್ದರೂ ಅದಕ್ಕೆ ತನ್ನದೇ ಕಾಯ್ದೆಯ ಆಸರೆ ದೊರೆತದ್ದು 2018ರಲ್ಲಿ. ಕಾಯ್ದೆಯಿಲ್ಲದ ಸಂಸ್ಥೆಯನ್ನು ಹೊಸ ಸಚಿವರೊಬ್ಬರು ಒಂದೇ ಆದೇಶದಿಂದ ಮುಚ್ಚಬಹುದು.

ಪ್ರಶ್ನೆ: ರೋಗಿಗಳ ಮಾದರಿಗಳು ಬಡ ದೇಶಗಳಿಂದ ಹೋಗುತ್ತವೆ, ಲಸಿಕೆ ಮತ್ತು ಕೀರ್ತಿ ಶ್ರೀಮಂತ ದೇಶಗಳಿಗೆ ಸೇರುತ್ತದೆ. ಇದು ಪಾಲುದಾರಿಕೆಯೇ?

ಉತ್ತರ: ನಿಮ್ಮ ದೂರು ನ್ಯಾಯವಾದದ್ದು, ಹಳೆಯದೂ ಹೌದು. ತಾನು ಕೊಟ್ಟ ಹಕ್ಕಿಜ್ವರದ ವೈರಸ್‌ನಿಂದ ತಯಾರಾಗುವ ಲಸಿಕೆ ತನ್ನ ಜನರ ಕೈಗೆ ಎಟುಕದೆಂದು ಇಂಡೊನೇಷ್ಯಾ 2007ರಲ್ಲಿ ಮಾದರಿ ಕಳಿಸುವುದನ್ನೇ ತಡೆಹಿಡಿಯಿತು. ವರ್ಷಗಳ ಮಾತುಕತೆಯ ನಂತರ, 2011ರಲ್ಲಿ, ಇನ್‌ಫ್ಲುಯೆಂಜಾ ಮಾದರಿ ಮತ್ತು ಅದರ ಲಾಭದ ಹಂಚಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ಒಂದು ಚೌಕಟ್ಟು ರೂಪುಗೊಂಡಿತು. 2025ರ ಮೇ ತಿಂಗಳಲ್ಲಿ ಸದಸ್ಯ ದೇಶಗಳು ಜಾಗತಿಕ ಸಾಂಕ್ರಾಮಿಕ ಒಪ್ಪಂದವನ್ನು ಅಂಗೀಕರಿಸಿದಾಗಲೂ ಅತ್ಯಂತ ಬಿಗಿಯಾದ ಗಂಟು ಇದೇ ಆಗಿತ್ತು. ರೋಗಾಣುಗಳ ಹಂಚಿಕೆಯ ಅನುಬಂಧವನ್ನು ಮುಂದಿನ ಮಾತುಕತೆಗೆ ಬಿಡಬೇಕಾಯಿತು.

ಕಾಗದದ ಮೇಲೆ ಬರೆದ ಹಕ್ಕುಗಳಿಗಿಂತ ದೊಡ್ಡ ರಕ್ಷಣೆ ಸ್ವಂತ ಸಾಮರ್ಥ್ಯ. 2021ರ ನವೆಂಬರ್‌ನಲ್ಲಿ ಕೋವಿಡ್ ವೈರಸ್‌ನ ಒಮೈಕ್ರಾನ್ ತಳಿಯನ್ನು ಬೋಟ್ಸ್‌ವಾನಾ ಮತ್ತು ದಕ್ಷಿಣ ಆಫ್ರಿಕಾದ ವಿಜ್ಞಾನಿಗಳು ತಮ್ಮ ಪ್ರಯೋಗಾಲಯಗಳಲ್ಲಿಯೇ ಗುರುತಿಸಿದರು. ಬೋಟ್ಸ್‌ವಾನಾದ ಪ್ರಯೋಗಾಲಯವು 1996ರಿಂದ ಹಾರ್ವರ್ಡ್ ವಿಶ್ವವಿದ್ಯಾಲಯದೊಂದಿಗೆ ಬೆಳೆದ ಪಾಲುದಾರಿಕೆಯ ಫಲ. ಅದು ಎಚ್‌ಐವಿ ಸಂಶೋಧನೆಗಾಗಿ ಶುರುವಾದದ್ದು ಎಂಬುದನ್ನು ಗಮನಿಸಿ. ತಕ್ಷಣ ಜಗತ್ತಿಗೆ ತಿಳಿಸಿದ್ದಕ್ಕೆ ಆ ದೇಶಗಳಿಗೆ ಸಿಕ್ಕಿದ್ದು ಪ್ರಯಾಣ ನಿರ್ಬಂಧ. ಅದು ಅನ್ಯಾಯವೆಂದು ಅಂದೂ ಹೇಳಿದ್ದೆ, ಇಂದೂ ಹೇಳುತ್ತೇನೆ.

ಪ್ರಶ್ನೆ: ತರಬೇತಿಗೆಂದು ಹೊರದೇಶಕ್ಕೆ ಕಳಿಸಿದವರು ಹಿಂದಿರುಗುವುದೇ ಇಲ್ಲವಲ್ಲ?

ಉತ್ತರ: ಹಾಗಾದರೆ ತರಬೇತಿಯನ್ನೇ ಒಳಗೆ ತರಬೇಕು. ಥಾಯ್ಲೆಂಡ್ 1980ರಲ್ಲಿ ಅಮೆರಿಕದ ರೋಗ ನಿಯಂತ್ರಣ ಸಂಸ್ಥೆಯಾದ ಸಿಡಿಸಿ ಮತ್ತು ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಕ್ಷೇತ್ರ ಸಾಂಕ್ರಾಮಿಕ ರೋಗ ವಿಜ್ಞಾನದ, ಅಂದರೆ ರೋಗ ಹರಡುವ ಬಗೆಯನ್ನು ಸ್ಥಳದಲ್ಲಿಯೇ ಪತ್ತೆ ಮಾಡುವ ವಿದ್ಯೆಯ, ತರಬೇತಿ ಆರಂಭಿಸಿದಾಗ, ಎರಡು ವರ್ಷದ ಆ ಕಲಿಕೆಯ ಹೆಚ್ಚಿನ ಭಾಗ ನಡೆದದ್ದು ತರಗತಿಯಲ್ಲಲ್ಲ, ರೋಗ ಕಾಣಿಸಿಕೊಂಡ ಊರುಗಳಲ್ಲಿ. ಹೊರಗಿನ ಸಲಹೆಗಾರರು ಕ್ರಮೇಣ ಹಿಂದೆ ಸರಿದರು. ಇಂದು ಥಾಯ್ಲೆಂಡ್ ನೆರೆಯ ದೇಶಗಳವರಿಗೂ ಕಲಿಸುತ್ತಿದೆ.

ನೆರವು ಶ್ರೀಮಂತ ದೇಶದಿಂದಲೇ ಬರಬೇಕೆಂದೂ ಇಲ್ಲ. ಮೊಜಾಂಬಿಕ್‌ನ ರಾಷ್ಟ್ರೀಯ ಆರೋಗ್ಯ ಸಂಸ್ಥೆಗೆ ಬಹುಕಾಲದ ಒಡನಾಡಿಯಾದದ್ದು ಬ್ರೆಜಿಲ್‌ನ ಸರ್ಕಾರಿ ಆರೋಗ್ಯ ಸಂಶೋಧನಾ ಸಂಸ್ಥೆ ಫಿಯೊಕ್ರೂಜ್. ಎರಡೂ ಕಡೆ ಪೋರ್ಚುಗೀಸ್ ನಡೆಯುವುದರಿಂದ ಪಾಠಕ್ಕೆ ಭಾಷೆ ಅಡ್ಡಿಯಾಗಲಿಲ್ಲ. ಮೊಜಾಂಬಿಕ್‌ನವರನ್ನು ಗುಂಪುಗುಂಪಾಗಿ ರಿಯೊಗೆ ಕರೆಸಿಕೊಳ್ಳುವ ಬದಲು ಬ್ರೆಜಿಲ್‌ನ ಅಧ್ಯಾಪಕರು ಮೊಜಾಂಬಿಕ್‌ನ ರಾಜಧಾನಿ ಮಪುಟೊಗೆ ಬಂದು ಸ್ನಾತಕೋತ್ತರ ತರಗತಿ ನಡೆಸಿದರು. ವಿದ್ಯಾರ್ಥಿಗಳು ತಮ್ಮ ಹುದ್ದೆಯಲ್ಲಿದ್ದುಕೊಂಡೇ, ತಮ್ಮ ದೇಶದ ರೋಗಗಳ ಮೇಲೆಯೇ ಪ್ರಬಂಧ ಬರೆದರು.