ಊಟ ಹಾಕಿದರೂ ಬೇಟೆ ನಿಲ್ಲುವುದಿಲ್ಲ

ಕಾಡಂಚಿನ ಬೀಡಾಡಿ ಬೆಕ್ಕುಗಳಿಗೆ ದಿನಾ ಊಟ ಹಾಕಿದರೆ ಅವು ಹಕ್ಕಿಗಳ ತಂಟೆಗೆ ಹೋಗುವುದಿಲ್ಲ ಅಲ್ವಾ ಎಂದು ಕೇಳಿದ್ದೀರಿ. ಹೋಗುತ್ತವೆ. ಬೆಕ್ಕಿಗೆ ಹಸಿವು ಬೇರೆ, ಬೇಟೆ ಬೇರೆ. ಹೊಟ್ಟೆ ತುಂಬಿದ್ದರೂ ಎದುರಿಗೆ ಏನೋ ಅಲುಗಾಡಿದರೆ ಸಾಕು, ನೆಗೆಯುತ್ತದೆ.

ಇನ್ನೊಂದು ವಿಷಯ ನನ್ನನ್ನು ಜಾಸ್ತಿ ಕಾಡುತ್ತದೆ. ಬೇಟೆಗೆ ಸಿಗುವ ಜೀವಿಗಳು ಕಡಿಮೆಯಾದರೆ ಕಾಡಿನ ಬೇಟೆಗಾರ ಪ್ರಾಣಿಗಳ ಸಂಖ್ಯೆಯೂ ಇಳಿಯುತ್ತದೆ, ಆದರೆ ನಾವು ಊಟ ಹಾಕುವ ಬೆಕ್ಕುಗಳು ಮರಿ ಹಾಕುತ್ತಲೇ ಇರುತ್ತವೆ, ಹಾಗಾಗಿ ಅಳಿದುಳಿದ ಓತಿಕ್ಯಾತ, ಹಲ್ಲಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳ ಮೇಲೆ ಒತ್ತಡ ತಗ್ಗುವುದೇ ಇಲ್ಲ.

2013ರ ಒಂದು ಅಧ್ಯಯನದ ಅಂದಾಜಿನಂತೆ ಅಮೆರಿಕದಲ್ಲಿ ಬೆಕ್ಕುಗಳು ವರ್ಷಕ್ಕೆ 130ರಿಂದ 400 ಕೋಟಿ ಹಕ್ಕಿಗಳನ್ನು ಕೊಲ್ಲುತ್ತವೆ. ಅದರಲ್ಲಿ ದೊಡ್ಡ ಪಾಲು ಮನೆಯಿಲ್ಲದ ಬೆಕ್ಕುಗಳದ್ದು. ನ್ಯೂಜಿಲೆಂಡಿನ ಸ್ಟೀಫನ್ಸ್ ದ್ವೀಪಕ್ಕೆ 1894ರ ಹೊತ್ತಿಗೆ ಬೆಕ್ಕುಗಳು ಬಂದವು. ಕೆಲವೇ ವರ್ಷಗಳಲ್ಲಿ ಅಲ್ಲಿದ್ದ ಹಾರಲಾರದ ಪುಟ್ಟ ಹಕ್ಕಿಯ ಸಂತತಿಯೇ ಮುಗಿಯಿತು. ಪಾಪ, ಅದಕ್ಕೆ ಓಡಿ ತಪ್ಪಿಸಿಕೊಳ್ಳುವುದಷ್ಟೇ ಗೊತ್ತಿತ್ತು.

ಬೆಕ್ಕುಗಳದ್ದೇನೂ ತಪ್ಪಿಲ್ಲ, ನಿಮ್ಮ ಕರುಣೆಯೂ ತಪ್ಪಲ್ಲ. ಆದರೆ ಸುಮ್ನೆ ಊಟ ಹಾಕಿ ಬರಬೇಡಿ. ಸಂತಾನಹರಣ ಮಾಡಿಸಿದರೆ ಹೊಸ ಮರಿಗಳು ಹುಟ್ಟುವುದಿಲ್ಲ, ಆದರೆ ಈಗಿರುವವು ಬೇಟೆ ಬಿಡುವುದಿಲ್ಲ. ಪಳಗಿದವನ್ನು ಹಿಡಿದು, ಮನೆಯೊಳಗೇ ಸಾಕುವವರಿಗೆ ಕೊಡಿ. ಉಳಿದವನ್ನು ಕಾಡಿನಿಂದ ದೂರ ತರುವ ಬಗ್ಗೆ ಪ್ರಾಣಿ ವೈದ್ಯರನ್ನೂ ಅರಣ್ಯ ಸಿಬ್ಬಂದಿಯನ್ನೂ ಕೇಳಿ.