ತಾರೀಕನ್ನು ಅವರ ಕೈಗೆ ಯಾಕೆ ಕೊಡ್ತೀರಿ ಮಾಸ್ಟ್ರೇ?

ಪಡುಬಿದ್ರಿ ಹತ್ತಿರದ ಒಬ್ಬ ರಿಟೈರ್ಡ್ ಮಾಸ್ಟ್ರು ನಾಲ್ಕು ಪುಟದ ಕಾಗದ ಬರೆದಿದ್ದಾರೆ. ಪೂರ್ತಿ ಹಾಕ್ಲಿಕ್ಕೆ ಜಾಗ ಇಲ್ಲ, ಮುಖ್ಯ ಮಾತು ಇಷ್ಟು: "ಮೂವತ್ತು ವರ್ಷದ ಸರ್ವಿಸಲ್ಲಿ ಎಷ್ಟೋ ಎಲೆಕ್ಷನ್ ಡ್ಯೂಟಿ ಮಾಡಿದವ ನಾನು. ಗ್ರಾಮ, ತಾಲೂಕು, ಜಿಲ್ಲೆ ಅಂತ ಬೇರೆ ಬೇರೆ ಯಾಕೆ, ಎಲ್ಲ ವಿಧಾನಸಭೆ ಜೊತೆಗೇ ಮುಗಿಸಿಬಿಡಿ, ಖರ್ಚು ಉಳೀತದೆ. ಅಲ್ಲಿವರೆಗೆ ಆಡಳಿತಾಧಿಕಾರಿ ಇದ್ರೆ ನಷ್ಟ ಎಂತದು? ಅವರು ಓಟಿಗೋಸ್ಕರ ಸುಳ್ಳಾದ್ರೂ ಹೇಳುದಿಲ್ಲ. ಯಾವ ಪಾರ್ಟಿಯವರನ್ನೂ ನಂಬ್ಲಿಕ್ಕೆ ಆಗುದಿಲ್ಲ, ಇನ್ನು ನಾನು ಓಟು ಹಾಕುವವನಲ್ಲ." ಕೊನೆಗೆ, ಶಿರಸಿಯ ವೋಟರ್ ಲಿಸ್ಟಲ್ಲಿರುವ ಸೊಸೆಯ ಹೆಸರನ್ನು ಇಲ್ಲಿಗೆ ತರೋದು ಹೇಗೆ ಅಂತ ಒಂದು ಪ್ರಶ್ನೆ.

ಮಾಸ್ಟ್ರೇ, ನಮಸ್ಕಾರ. ಕಾಗದ ಎರಡೆರಡು ಸಲ ಓದಿದೆ. ನಿಮ್ಮ ಸಿಟ್ಟು ಸುಳ್ಳು ಅಂತ ನಾನು ಹೇಳುದಿಲ್ಲ, ಆ ಸಿಟ್ಟು ನನಗೂ ಉಂಟು. ಆದ್ರೆ ನೀವು ಹೇಳಿದ ಮದ್ದು ತಗೊಂಡ್ರೆ ಕಾಯಿಲೆ ಜೋರಾಗ್ತದೆ ಅಂತ ನನಗೆ ಅನ್ನಿಸ್ತದೆ, ಯಾಕೆ ಅಂತ ಸ್ವಲ್ಪ ಉದ್ದಕ್ಕೇ ಹೇಳ್ತೇನೆ, ಬೇಜಾರು ಮಾಡ್ಕೊಳ್ಬೇಡಿ.

ಮೊದ್ಲು ಈ ಆಡಳಿತಾಧಿಕಾರಿ, ಅಂದ್ರೆ ಚುನಾಯಿತರು ಇಲ್ಲದಾಗ ಸರ್ಕಾರ ಕೂರಿಸುವ ಅಧಿಕಾರಿಯ ವಿಷಯ. ನಾನಿರೋದು ಮಂಗಳೂರು ಸಿಟಿಯಲ್ಲಿ. ನಮ್ಮ ಪಾಲಿಕೆಯ ಅವಧಿ 2025ರ ಫೆಬ್ರವರಿಗೇ ಮುಗೀತು, ಆ ವರ್ಷದ ದೀಪಾವಳಿ ಕಳೆದ್ರೂ 60 ವಾರ್ಡಿಗೆ ಒಬ್ಬ ಕಾರ್ಪೊರೇಟರ್ ಇರ್ಲಿಲ್ಲ. ಆ ವರ್ಷದ ಮಳೆಗಾಲದ ಮುಂಚೆ ನಮ್ಮ ರಸ್ತೆ ಬದಿಯ ತೋಡಿನ ಹೂಳು ತೆಗೀಲೇ ಇಲ್ಲ. ಆಫೀಸಿಗೆ ಹೋದೆ, ಅರ್ಜಿ ಕೊಡಿ ಅಂದ್ರು. ಕೊಟ್ಟೆ. ಇನ್ನೊಬ್ಬ ಅಧಿಕಾರಿ ಹತ್ರ ಹೋಗಿ ಅಂದ್ರು. ಹೋದೆ, ಅವರು ವರ್ಗ ಆಗಿದ್ರು. ಕೊನೆಗೆ ಜೂನಲ್ಲಿ ನೀರು ಪಕ್ಕದ ಮನೆಯ ಅಂಗಳಕ್ಕೆ ಬಂತು, ಆ ಮನೆಯಲ್ಲಿರೋದು ವಯಸ್ಸಾದ ಇಬ್ಬರೇ. ಯಾರಿಗೆ ಫೋನ್ ಮಾಡೋದು ಅಂತ ಗೊತ್ತಾಗದೆ ನಾವು ನಾಲ್ಕು ಮನೆಯವರು ಸೇರಿ ಫೋನ್ ಮಾಡಿದ್ದು ನಮ್ಮ ಮಾಜಿ ಕಾರ್ಪೊರೇಟರ್‌ಗೆ. ಅವರ ಕೈಯಲ್ಲಿ ಆಗ ಯಾವ ಅಧಿಕಾರವೂ ಇರ್ಲಿಲ್ಲ, ಆದ್ರೂ ರಾತ್ರಿ ಒಂಬತ್ತು ಗಂಟೆಗೆ ಕೊಡೆ ಹಿಡ್ಕೊಂಡು ಬಂದ್ರು. ನಾನು ಅವರಿಗೆ ಓಟು ಹಾಕಿದವನಲ್ಲ, ಅವರ ಪಾರ್ಟಿ ನನಗೆ ಆಗಿ ಬರುದಿಲ್ಲ, ಆದ್ರೆ ಅವರು ಬಂದ್ರು ಯಾಕಂದ್ರೆ ನಾಳೆ ಪುನಃ ನಮ್ಮ ಗೇಟಿನ ಮುಂದೆ ಕೈ ಮುಗೀಲಿಕ್ಕುಂಟು ಅಂತ ಅವರಿಗೆ ಗೊತ್ತುಂಟು. ಅಧಿಕಾರಿ ಒಳ್ಳೆಯವರೇ ಇರಬಹುದು, ಕೆಲವರು ನಿಜವಾಗ್ಲೂ ಹಗಲು ರಾತ್ರಿ ದುಡೀತಾರೆ, ಆದ್ರೆ ಅವರು ನಮ್ಮ ಗೇಟಿಗೆ ಬರ್ಲೇಬೇಕು ಅಂತ ಎಲ್ಲಿಯೂ ಇಲ್ಲ.

ಇನ್ನೊಂದು ನೆನಪು ಮಾಡ್ಕೊಳ್ಳಿ. 2019ರ ಆಗಸ್ಟಲ್ಲಿ ಪಚ್ಚನಾಡಿಯ ಕಸದ ರಾಶಿ ಜೋರು ಮಳೆಗೆ ಜಾರಿ ಮಂದಾರದ ತೋಟ, ಮನೆ ಮೇಲೆ ಬಂದದ್ದು. ಅಡಿಕೆ ತೆಂಗು ಎಲ್ಲ ಕಸದ ಅಡಿ, ಸಂಸಾರಗಳು ಮನೆ ಬಿಟ್ಟು ಹೋದವು. ಆಗಲೂ ಪಾಲಿಕೆಯಲ್ಲಿ ಚುನಾಯಿತರು ಯಾರೂ ಇರ್ಲಿಲ್ಲ, ಹಿಂದಿನ ಅವಧಿ ಮಾರ್ಚಲ್ಲಿ ಮುಗಿದು ಚುನಾವಣೆ ಆದದ್ದು ನವೆಂಬರ್ 12ಕ್ಕೆ. ಕಾರ್ಪೊರೇಟರ್ ಇದ್ದಿದ್ರೆ ಕಸ ಜಾರ್ತಿರ್ಲಿಲ್ಲ ಅಂತ ನಾನು ಹೇಳುದಿಲ್ಲ, ಆ ರಾಶಿ ವರ್ಷಗಟ್ಟಲೆ ಬೆಳೆದದ್ದು. ಆದ್ರೆ ಅಷ್ಟು ದೊಡ್ಡ ಅನಾಹುತ ಆದಾಗ ಪರಿಷತ್ತಿನ ಸಭೆಯಲ್ಲಿ ಎದ್ದು ನಿಂತು ಇದು ಯಾರ ಹೊಣೆ ಅಂತ ಕೇಳ್ಲಿಕ್ಕೆ ಪರಿಷತ್ತೇ ಇರ್ಲಿಲ್ಲ ಅಲ್ವಾ.

ಈಗ ಮುಖ್ಯ ವಿಷಯಕ್ಕೆ ಬರ್ತೇನೆ. ರಾಜಕಾರಣಿಗಳನ್ನು ನಂಬ್ಲಿಕ್ಕೆ ಆಗುದಿಲ್ಲ ಅಂತೀರಿ. ಸರಿ. ಹಾಗಾದ್ರೆ ಚುನಾವಣೆಯ ತಾರೀಕು ಮುಂದೆ ಹೋದದ್ದು ಯಾರಿಂದ? ಜಿಲ್ಲಾ ಪಂಚಾಯತ್, ತಾಲೂಕು ಪಂಚಾಯತ್‌ಗೆ ನಾವು ಕೊನೆಗೆ ಓಟು ಹಾಕಿದ್ದು 2016ರ ಫೆಬ್ರವರಿಯಲ್ಲಿ. ಅವಧಿ ಮುಗಿದದ್ದು 2021ಕ್ಕೆ. 2016ರಲ್ಲಿ ನಿಮ್ಮ ಶಾಲೆಯ ಮೂರನೇ ಕ್ಲಾಸಲ್ಲಿ ಓಟಿನ ಶಾಯಿ ಅಂದ್ರೆ ಎಂತ ಅಂತ ಕೇಳಿದ ಮಕ್ಕಳಿಗೆ ಈಗ 18 ತುಂಬ್ತಾ ಉಂಟು. 27ರ ಒಳಗಿನ ಯಾರೂ ಈ ರಾಜ್ಯದಲ್ಲಿ ಜಿಲ್ಲಾ ಪಂಚಾಯತಿಗೆ ಒಂದು ಸಲವೂ ಓಟು ಹಾಕಿದ್ದೇ ಇಲ್ಲ. ನಿಮ್ಮದೇ ಕಾಪು ತಾಲೂಕು ನೋಡಿ, ತಾಲೂಕು ಆಯ್ತು, ಬೋರ್ಡ್ ಬಂತು, ಆದ್ರೆ ತಾಲೂಕು ಪಂಚಾಯತ್‌ಗೆ ಅಂತ ಒಂದು ಚುನಾವಣೆ ಇವತ್ತಿನವರೆಗೆ ಆಗ್ಲಿಲ್ಲ.

2021ರಲ್ಲಿ ಬಿಜೆಪಿ ಸರ್ಕಾರ ಇತ್ತು, ಆಗ ಕಾಯ್ದೆಗೆ ತಿದ್ದುಪಡಿ ತಂದು ಕ್ಷೇತ್ರ ವಿಂಗಡಣೆಯ, ಅಂದ್ರೆ ಕ್ಷೇತ್ರಗಳ ಗಡಿ ಹಾಕುವ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ತೆಗೆದು ಸರ್ಕಾರ ನೇಮಿಸುವ ಬೇರೆ ಆಯೋಗಕ್ಕೆ ಕೊಟ್ರು. 2023ರಲ್ಲಿ ಕಾಂಗ್ರೆಸ್ ಬಂತು, ಚುನಾವಣೆ ಬರ್ಲಿಲ್ಲ. ವಿಂಗಡಣೆ ಆಗ್ಬೇಕು, ಮೀಸಲಾತಿ ಪಟ್ಟಿ ಆಗ್ಬೇಕು, ಕೋರ್ಟಲ್ಲಿ ಕೇಸುಂಟು, ಹೀಗೇ ಹೋಯ್ತು. ಸಂವಿಧಾನದ 243ಇ ವಿಧಿಯಲ್ಲಿ ಪಂಚಾಯತಿಗೆ ಐದು ವರ್ಷ, ಅದಕ್ಕಿಂತ ಹೆಚ್ಚಿಲ್ಲ, ಮುಗಿಯುವ ಮುಂಚೆಯೇ ಚುನಾವಣೆ ಆಗ್ಬೇಕು ಅಂತ ಸ್ಪಷ್ಟ ಬರೆದಿದೆ, ಪಟ್ಟಣಗಳಿಗೆ 243ಯು. ಸುಪ್ರೀಂ ಕೋರ್ಟ್ 2006ರಲ್ಲಿ ಅಹಮದಾಬಾದ್ ಪಾಲಿಕೆಯ ಕೇಸಲ್ಲಿ ಇದನ್ನೇ ಹೇಳಿತು, 2022ರಲ್ಲಿ ಮಧ್ಯಪ್ರದೇಶದ ಕೇಸಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ವಿಂಗಡಣೆ ಮುಗೀಲಿಲ್ಲ ಅಂತ ಕಾಯ್ಬೇಡಿ, ಹಳೇ ವಿಂಗಡಣೆಯಲ್ಲೇ ಮಾಡಿ ಅಂತ ಹೇಳಿತು. ಹೇಳಿದ್ದನ್ನು ಕೇಳುವವರು ಬೇಕಲ್ವಾ.

ನಮ್ಮ ಎರಡು ಜಿಲ್ಲೆಯಲ್ಲೇ ಇನ್ನೊಂದು ಬಗೆಯ ಮುಂದೂಡಿಕೆಯೂ ಆಗಿದೆ, ಇದು ಜನರ ಕಣ್ಣಿಗೆ ಅಷ್ಟು ಬೀಳುದಿಲ್ಲ. ಉಡುಪಿ ನಗರಸಭೆಗೆ ಓಟು ಹಾಕಿದ್ದು 2018ರ ಆಗಸ್ಟ್ 31ಕ್ಕೆ. ಗೆದ್ದವರು ಹಾರ ಹಾಕಿಸ್ಕೊಂಡ್ರು, ಆಮೇಲೆ ಅಧ್ಯಕ್ಷರ ಮೀಸಲಾತಿ ತಕರಾರು ಕೋರ್ಟಿಗೆ ಹೋಯ್ತು, ಅಧ್ಯಕ್ಷರು ಕುರ್ಚಿಯಲ್ಲಿ ಕೂತದ್ದು 2020ರ ಕೊನೆಗೆ. ಎರಡು ವರ್ಷ ಗೆದ್ದವರು ಗೆದ್ದ ಹಾಗೂ ಅಲ್ಲ, ಸೋತ ಹಾಗೂ ಅಲ್ಲ. ಐದು ವರ್ಷ ಅನ್ನೋದು ಲೆಕ್ಕ ಶುರುವಾಗೋದೇ ಮೊದಲ ಸಭೆಯಿಂದ, ಹಾಗಾಗಿ 2018ರ ಓಟು 2025ರ ವರೆಗೂ ಎಳೀತು. ಮಂಗಳೂರಲ್ಲೂ ಹಾಗೇ, 2013ರ ಮಾರ್ಚಲ್ಲಿ ಚುನಾವಣೆ, ಮೇಯರ್ ಆದದ್ದು 2014ರ ಮಾರ್ಚಿಗೆ. ಒಂದಿಡೀ ವರ್ಷ! ಜನ ಓಟು ಹಾಕಿ ಮನೆಗೆ ಬಂದ ಮೇಲೆ ಕೂಡ ತಾರೀಕು ನಮ್ಮ ಕೈಯಲ್ಲಿಲ್ಲ ಅಂದ್ರೆ ನಂಬಿಕೆ ಎಲ್ಲಿಂದ ಬರ್ಬೇಕು? ನಿಮ್ಮ ಅಪನಂಬಿಕೆಯ ಒಂದು ದೊಡ್ಡ ಬೇರು ಇಲ್ಲೇ ಉಂಟು ಮಾಸ್ಟ್ರೇ. ಅವರನ್ನು ನಂಬುದಿಲ್ಲ ಅನ್ನುವ ನೀವೇ ತಾರೀಕು ಬದಲಾಯಿಸುವ ಅಧಿಕಾರವನ್ನು ಅವರಿಗೇ ಕೊಡಿ ಅಂತ ಕಾಗದ ಬರೆದ್ರೆ ಹೇಗೆ?

ವಿಧಾನಸಭೆ ಜೊತೆ ಸೇರಿಸೋ ಮಾತು. ಇದು ನಿಮ್ಮೊಬ್ಬರದ್ದಲ್ಲ, ಒಂದು ದೇಶ ಒಂದು ಚುನಾವಣೆ ಬಗ್ಗೆ ಕೋವಿಂದ್ ಸಮಿತಿ 2024ರ ಮಾರ್ಚಲ್ಲಿ ಕೊಟ್ಟ ವರದಿಯಲ್ಲೂ ಲೋಕಸಭೆ ವಿಧಾನಸಭೆ ಒಟ್ಟಿಗೆ, ಅದಾಗಿ 100 ದಿನದ ಒಳಗೆ ಸ್ಥಳೀಯ ಸಂಸ್ಥೆ ಅಂತ ಉಂಟು. ಅವರೂ ಒಂದೇ ದಿನ ಅನ್ನಲಿಲ್ಲ ನೋಡಿ. ಡಿಸೆಂಬರಲ್ಲಿ ಮಂಡಿಸಿದ ಮಸೂದೆಯಲ್ಲಿ ಪಂಚಾಯತ್ ವಿಷಯ ಬರ್ಲೇ ಇಲ್ಲ. ಖರ್ಚು ಉಳೀಬಹುದು, ನಿಮ್ಮಂಥ ಮಾಸ್ಟ್ರಿಗೆ ಡ್ಯೂಟಿ ಕಡಿಮೆ ಆಗಬಹುದು, ಒಪ್ತೇನೆ. ಆದ್ರೆ 2020ರ ಡಿಸೆಂಬರಿನ ಗ್ರಾಮ ಪಂಚಾಯತ್ ಎಲೆಕ್ಷನ್ ನೆನಪುಂಟಲ್ವಾ, ಕೊರೊನಾ ಅಂತ ಮುಂದೆ ಹೋಗಿ ಹೋಗಿ ಹೈಕೋರ್ಟ್ ಹೇಳಿದ ಮೇಲೆ ಆದದ್ದು. ಬ್ಯಾಲೆಟ್ ಪೇಪರ್, ಒಂದು ವಾರ್ಡಲ್ಲಿ ಮೂರು ನಾಲ್ಕು ಸೀಟು, ಅಷ್ಟು ಓಟು ಒಬ್ಬರೇ ಹಾಕೋದು. ಪಾರ್ಟಿ ಚಿಹ್ನೆ ಇಲ್ಲ. ಅಲ್ಲಿ ಜನ ಮಾತಾಡಿದ್ದು ಎಂತದು? ಬಾವಿ ನೀರಿಗೆ ಉಪ್ಪು ಬರೋದು, ಕಡಲ್ಕೊರೆತಕ್ಕೆ ಹಾಕಿದ ಕಲ್ಲು, ದಾರಿದೀಪ, ಸಂಕದ (ಕಾಲುಸೇತುವೆಯ) ರಿಪೇರಿ, ಮನೆ ನಂಬರ್. ಅದನ್ನೇ ವಿಧಾನಸಭೆ ದಿನಕ್ಕೆ ತಂದು ಇಟ್ರೆ ಬೆಂಗಳೂರು ಡೆಲ್ಲಿಯ ಅಬ್ಬರದಲ್ಲಿ ಈ ಸಂಕದ ಮಾತು ಯಾರ ಕಿವಿಗೆ ಬೀಳ್ತದೆ? ನಮ್ಮ ಕರಾವಳಿಯಲ್ಲಿ ವಿಧಾನಸಭೆ ಚುನಾವಣೆ ಯಾವ ವಿಷಯದ ಮೇಲೆ ನಡೀತದೆ ಅಂತ ನಿಮಗೆ ನಾನು ಹೇಳ್ಬೇಕಂತ ಇಲ್ಲ. ಎಲ್ಲವನ್ನೂ ಒಂದೇ ದಿನಕ್ಕೆ ಕಟ್ಟಿದ್ರೆ ಐದು ವರ್ಷಕ್ಕೆ ಒಂದೇ ಸಲ ಅವರು ನಮ್ಮ ಮುಂದೆ ನಿಲ್ತಾರೆ, ಬೇರೆ ಬೇರೆ ಇದ್ರೆ ನಡುವೆ ಎರಡು ಸಲ ಹೆಚ್ಚು ಹೆದರ್ತಾರೆ.

ದುಡ್ಡಿನ ಲೆಕ್ಕ ಹೇಳೋದಾದ್ರೆ ಚುನಾವಣೆ ಮಾಡದೇ ಇದ್ರೂ ಖರ್ಚುಂಟು. ಚುನಾಯಿತ ಮಂಡಳಿ ಇದ್ರೆ ಮಾತ್ರ ಕೇಂದ್ರದ ಅನುದಾನ ಅಂತ 15ನೇ ಹಣಕಾಸು ಆಯೋಗದ ಷರತ್ತೇ ಇತ್ತು.

ಇನ್ನು, ರಾಜಕಾರಣಿ ಅಂದ ಕೂಡ್ಲೆ ನಿಮಗೆ ದೊಡ್ಡ ಕಾರಲ್ಲಿ ಬರೋರು ನೆನಪಾಗ್ತಾರೆ. ನನಗೆ ಬೇರೆ ಮುಖಗಳೂ ಕಾಣ್ತವೆ. 1987ರಲ್ಲಿ ಈ ರಾಜ್ಯ ಜಿಲ್ಲಾ ಪರಿಷತ್, ಮಂಡಲ ಪಂಚಾಯತ್ ಚುನಾವಣೆ ಮಾಡಿದಾಗ ಹೆಂಗಸರಿಗೆ ನೂರಕ್ಕೆ 25 ಸೀಟು ಇಟ್ಟಿತ್ತು, ದೇಶದಲ್ಲಿ ಪಂಚಾಯತಿಗಳನ್ನು ಸಂವಿಧಾನಕ್ಕೆ ಸೇರಿಸಿದ 73ನೇ ತಿದ್ದುಪಡಿ ಬರ್ಲಿಕ್ಕೆ ಇನ್ನೂ ಆರು ವರ್ಷ ಇತ್ತು, ಅದರ ಹಿಂದೆ ಇದ್ದವರು ಜನ ನೀರ್ ಸಾಬ್ ಅಂತ ಪ್ರೀತಿಯಿಂದ ಕರೆದ ಅಬ್ದುಲ್ ನಜೀರ್ ಸಾಬ್. ಅವರೂ ರಾಜಕಾರಣಿಯೇ. ಇವತ್ತು ಅದು ನೂರಕ್ಕೆ 50. ಬೀಡಿ ಕಟ್ತಾ ಇದ್ದ ಅಕ್ಕಂದಿರು, ಮೀನು ಮಾರುವವರು ಪಂಚಾಯತ್ ಮೆಂಬರ್ ಆಗಿ, ಮೊದ್ಲ ವರ್ಷ ಗಂಡನ ಹಿಂದೆ ನಿಂತು, ಮೂರನೇ ವರ್ಷ ಪಿಡಿಒ ಹತ್ರ ಫೈಲ್ ಕೇಳಿ ನೋಡುವ ಹಾಗೆ ಆದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಚುನಾವಣೆ ನಿಂತ್ರೆ ದೊಡ್ಡ ಕಾರಿನವರಿಗೆ ಏನೂ ಆಗುದಿಲ್ಲ, ಅವರಿಗೆ ಎಂಎಲ್‌ಎ ಟಿಕೆಟ್ ಉಂಟು. ಬಾಗಿಲು ಮುಚ್ಚೋದು ಈ ಅಕ್ಕಂದಿರಿಗೆ. ಇದು ನನಗೆ ನಿಜವಾಗ್ಲೂ ಸಂಕಟ ಆಗುವ ವಿಷಯ.

ನಿಮ್ಮ ಗ್ರಾಮ ಪಂಚಾಯತಿಗೂ ಅವಧಿ ಐದೇ ವರ್ಷ, 2020ರ ಡಿಸೆಂಬರಲ್ಲಿ ಗೆದ್ದವರದ್ದು 2026ರ ಶುರುವಿಗೆ ಮುಗಿಯೋದು. ಓಟು ಹಾಕುದಿಲ್ಲ ಅಂತ ನೀವು ಮನೆಯಲ್ಲಿ ಕೂತ್ರೆ ಅದು ಯಾರಿಗೂ ಕೇಳುದಿಲ್ಲ, ಅದರ ಬದ್ಲು ಮುಂದಿನ ಗ್ರಾಮ ಸಭೆಗೆ ಹೋಗಿ, ಚುನಾವಣೆ ಟೈಮಿಗೆ ಸರಿಯಾಗಿ ಆಗ್ಬೇಕು ಅಂತ ನಿರ್ಣಯ ಬರೆಸಿ. ಡ್ಯೂಟಿ ಮಾಡಿದ ಮಾಸ್ಟ್ರು ಎದ್ದು ನಿಂತು ಹೇಳಿದ್ರೆ ಊರಲ್ಲಿ ಅದಕ್ಕೆ ತೂಕ ಉಂಟು. ನಿರ್ಣಯದ ಪ್ರತಿ ಕಳಿಸಿ, ನಾವು ಪ್ರಿಂಟ್ ಮಾಡ್ತೇವೆ.

ಮತ್ತೆ ನಿಮ್ಮ ಸೊಸೆಯ ವಿಷಯ. ಶಿರಸಿಯಲ್ಲಿ ಲಿಸ್ಟಲ್ಲಿ ಹೆಸರು ಮೊದ್ಲೇ ಇರೋದ್ರಿಂದ ಫಾರ್ಮ್ 6 ಬೇಡ, ಅದು ಹೊಸಬರಿಗೆ. ವಿಳಾಸ ಬದಲಾವಣೆಗೆ ಫಾರ್ಮ್ 8. ನಿಮ್ಮ ಬೂತಿನ ಬಿಎಲ್‌ಒ (ಮತಗಟ್ಟೆ ಅಧಿಕಾರಿ) ಹತ್ರ ಕೊಟ್ರೂ ಆಗ್ತದೆ, ಮೊಬೈಲಲ್ಲಿ ಹಾಕಿದ್ರೂ ಆಗ್ತದೆ. ಪಂಚಾಯತಿನ ಲಿಸ್ಟ್ ಮಾಡೋದು ವಿಧಾನಸಭೆಯ ಲಿಸ್ಟಿನಿಂದಲೇ ಆದ ಕಾರಣ ಅಲ್ಲಿ ಹೆಸರು ಬಂದ್ರೆ ಇಲ್ಲೂ ಬರ್ತದೆ. ಈಗಲೇ ಮಾಡಿಸಿ, ತಡ ಮಾಡ್ಬೇಡಿ.