ಬಾಟಲಿ ಮೇಲೆ ‘ಮೊರಾಕ್ಕನ್’, ಒಳಗೇನು?

ಪ್ರಶ್ನೆ: ‘ಮೊರಾಕ್ಕನ್ ಆರ್ಗನ್ ಆಯಿಲ್’ ಎಂದು ಬರೆದ ಕೂದಲಿನ ಸೀರಮ್ 300 ರೂಪಾಯಿಗೂ ಸಿಗುತ್ತದೆ, 1,500ಕ್ಕೂ ಸಿಗುತ್ತದೆ. ಯಾವುದು ಅಸಲಿ? ತಲೆಗೆ ಹಚ್ಚಿಕೊಂಡು ಮಲಗಬಹುದೇ?
– ಓದುಗರು, ಹಾಸನ

ಉತ್ತರ: ಬೆಲೆ ನೋಡುವ ಮೊದಲು ಬಾಟಲಿಯ ಹಿಂಬದಿ ಓದಿ. ಪ್ರಮಾಣ ಹೆಚ್ಚಿರುವ ಪದಾರ್ಥ ಪಟ್ಟಿಯಲ್ಲಿ ಮೊದಲು ಬರುತ್ತದೆ. ಸೀರಮ್‌ಗಳಲ್ಲಿ ಸಾಮಾನ್ಯವಾಗಿ ಮೇಲಿರುವುದು ಸೈಕ್ಲೋಪೆಂಟಾಸಿಲಾಕ್ಸೇನ್, ಡೈಮೆಥಿಕೋನ್‌ನಂಥ ಸಿಲಿಕೋನ್. ‘ಆರ್ಗಾನಿಯಾ ಸ್ಪಿನೋಸಾ ಕರ್ನಲ್ ಆಯಿಲ್’, ಅಂದರೆ ಆರ್ಗನ್ ಎಣ್ಣೆ, ಕೆಳಗೆಲ್ಲೋ ಇರುತ್ತದೆ. ಇದನ್ನು ಮೋಸ ಎನ್ನಲಾಗದು. ಹೊಳಪು ಕೊಡುವುದು, ಸಿಕ್ಕು ಬಿಡಿಸುವುದು ಸಿಲಿಕೋನ್‌ನ ಕೆಲಸವೇ. ಆದರೆ ತೊಳೆದ ಒದ್ದೆ ಕೂದಲಿನ ತುದಿಗೆ ಎರಡು ಮೂರು ಹನಿ ಸಾಕು. ನೆತ್ತಿಗೆ ತಿಕ್ಕಿ ರಾತ್ರಿಯಿಡೀ ಬಿಟ್ಟರೆ ಜಿಡ್ಡು ಕಟ್ಟುತ್ತದೆ, ಅಷ್ಟೆ.

ಶುದ್ಧ ಎಣ್ಣೆ ಬೇಕಿದ್ದರೆ ಪಟ್ಟಿಯಲ್ಲಿ ಆ ಒಂದೇ ಹೆಸರಿರಬೇಕು. ಆರ್ಗನ್ ಮರ ಉತ್ತರ ಆಫ್ರಿಕಾದ ಮೊರಾಕ್ಕೊ ದೇಶದ್ದು; ಅಲ್ಲಿನ ನೈಋತ್ಯದ ಅಗಾದಿರ್, ಎಸ್ಸವಿರಾ ಸುತ್ತಲಿನ ಒಣನೆಲದ್ದು. ಆ ಕಾಡು 1998ರಿಂದ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶ. ಒಂದು ಲೀಟರ್ ಎಣ್ಣೆಗೆ ಸುಮಾರು 30 ಕೆ.ಜಿ. ಹಣ್ಣು ಬೇಕು. ಗಟ್ಟಿ ಓಟೆಯನ್ನು ಹೆಂಗಸರು ಕಲ್ಲಿನಿಂದ ಜಜ್ಜಿ ಬೀಜ ಬಿಡಿಸುತ್ತಾರೆ. ಹಾಗಾಗಿ ಕೊಬ್ಬರಿ ಎಣ್ಣೆಯ ದರಕ್ಕೆ ‘ಶುದ್ಧ ಆರ್ಗನ್’ ಸಿಕ್ಕರೆ ಅನುಮಾನಿಸಿ. ಬೀಜ ಹುರಿದು ತೆಗೆದದ್ದು ಅಡುಗೆಗೆ: ಬಣ್ಣ ಗಾಢ, ಘಮ ಜೋರು. ಹುರಿಯದೆ ತೆಗೆದದ್ದು ಮೈಗೆ, ಕೂದಲಿಗೆ. ಬಿಸಿಲಿಗಿಟ್ಟರೆ ಕಮಟು ಬರುತ್ತದೆ. ಗಾಢ ಬಣ್ಣದ ಗಾಜಿನ ಬಾಟಲಿಯದನ್ನೇ ಕೊಳ್ಳಿ.

ಪ್ರಶ್ನೆ: ಅಡುಗೆಮನೆಯ ಗೋಡೆಗೆ ‘ಮೊರಾಕ್ಕನ್ ಟೈಲ್ಸ್’ ಹಾಕಿಸಬಹುದೇ?
– ಓದುಗರು, ದಾವಣಗೆರೆ

ಉತ್ತರ: ಅಂಗಡಿಯಲ್ಲಿ ತೋರಿಸುವುದು ಬಹುಪಾಲು ಆ ವಿನ್ಯಾಸ ಮುದ್ರಿಸಿದ ಸಿರಾಮಿಕ್. ಅಡುಗೆಮನೆಗೆ ಅದೇ ವಾಸಿ. ಮೊರಾಕ್ಕೊದ ಫೆಸ್ ನಗರದ ಅಸಲಿ ‘ಜೆಲ್ಲಿಜ್’ ಎಂದರೆ ಮೆರುಗು ಕೊಟ್ಟು ಸುಟ್ಟ ಜೇಡಿಮಣ್ಣಿನ ಬಿಲ್ಲೆ. ತುಣುಕುಗಳನ್ನು ಸುತ್ತಿಗೆಯಿಂದ ಕೈಯಲ್ಲೇ ಕತ್ತರಿಸುತ್ತಾರೆ. ದಪ್ಪ ಒಂದೇ ಸಮ ಇರದು, ಮೆರುಗಿನಲ್ಲಿ ಕೂದಲೆಳೆಯ ಬಿರುಕು ಸಹಜ. ಒಲೆಯ ಹಿಂದೆ ಹಾಕಿದರೆ ಒಗ್ಗರಣೆಯ ಎಣ್ಣೆ, ಅರಿಸಿನ ಅಲ್ಲೇ ಸೇರಿಕೊಳ್ಳುತ್ತವೆ. ಇದೇ ಹೆಸರಲ್ಲಿ ಸಿಮೆಂಟ್ ಟೈಲ್ಸನ್ನೂ ಮಾರುತ್ತಾರೆ. ಅವಕ್ಕೆ ಸೀಲರ್ (ಕಲೆ ಇಳಿಯದಂತೆ ತಡೆಯುವ ಲೇಪ) ಬಳಿಸದಿದ್ದರೆ ನಿಂಬೆ, ಹುಣಸೆ ರಸ ಬಿದ್ದಲ್ಲಿ ಕಲೆ ನಿಲ್ಲುತ್ತದೆ. ಆಸಿಡ್ ಅಂತೂ ತಾಗಿಸಲೇಬೇಡಿ.

ನಾಲ್ಕು ಟೈಲ್ಸ್ ಸೇರಿ ಒಂದು ಹೂವಾಗುವ ವಿನ್ಯಾಸವಾದರೆ, ಸಿಮೆಂಟ್ ಕಲಸುವ ಮೊದಲೇ ನೆಲದ ಮೇಲೆ ಜೋಡಿಸಿ ನೋಡಿ. ಒಡೆದುಹೋಗುವುದಕ್ಕೆಂದು ಶೇ 10ರಷ್ಟು ಹೆಚ್ಚು ತನ್ನಿ.

ಪ್ರಶ್ನೆ: ‘ಮೊರಾಕ್ಕನ್’ ಎಂಬ ಭಾಷೆ ಇದೆಯೇ?
– ಓದುಗರು, ಮಂಗಳೂರು

ಉತ್ತರ: ಇಲ್ಲ. 2011ರ ಸಂವಿಧಾನದಂತೆ ಮೊರಾಕ್ಕೊದ ಅಧಿಕೃತ ಭಾಷೆಗಳು ಅರಬ್ಬಿ ಮತ್ತು ಅಮಾಝಿಘ್ (ಅಲ್ಲಿನ ಮೂಲನಿವಾಸಿ ಬರ್ಬರರ ಭಾಷೆ). ಬೀದಿಯಲ್ಲಿ ಕೇಳುವುದು ‘ದಾರಿಜಾ’ ಎಂಬ ಆಡುಮಾತಿನ ಅರಬ್ಬಿ, ಕಚೇರಿ-ವ್ಯಾಪಾರದಲ್ಲಿ ಫ್ರೆಂಚ್ ಕೂಡ. ದುಬೈ, ದಮ್ಮಾಮ್‌ನಲ್ಲಿದ್ದು ಅರಬ್ಬಿ ಕಲಿತವರಿಗೂ ದಾರಿಜಾ ಸುಲಭಕ್ಕೆ ತಲೆಗೆ ಹತ್ತುವುದಿಲ್ಲ.